ಇಪ್ಪತ್ತು ಡಿಸ್ಕ್‌ಗಳಲ್ಲಿ ಪೀಟರ್ ಹ್ಯಾಮಿಲ್: ದನಿ ಧಾರಾಳ, ಪಿಯಾನೊ ಕಡಿಮೆ

ಇಂಗ್ಲೆಂಡಿನ ಪ್ರೊಗ್ರೆಸ್ಸಿವ್ ರಾಕ್ (ದೀರ್ಘ, ಸಂಕೀರ್ಣ ರಚನೆಗಳ ರಾಕ್) ಗಾಯಕ ಮತ್ತು ಪಿಯಾನೊ ವಾದಕ ಪೀಟರ್ ಹ್ಯಾಮಿಲ್ ಅವರನ್ನು ಒಂದೇ ಕಡೆ ಕೇಳಬೇಕೆನ್ನುವವರ ಕಣ್ಣಿಗೆ ಸಹಜವಾಗಿ ಬೀಳುವುದು ‘ದಿ ಕರಿಜ್ಮಾ ಇಯರ್ಸ್ 1970–1978’ ಎಂಬ ಬಾಕ್ಸ್ ಸೆಟ್. 2021ರಲ್ಲಿ ಹೊರಬಂದ ಈ ಪೆಟ್ಟಿಗೆಯಲ್ಲಿ 17 ಸಿಡಿಗಳೂ 3 ಬ್ಲೂ-ರೇ ಡಿಸ್ಕ್‌ಗಳೂ ಇವೆ. ಅವರ ತಂಡವಾದ ವ್ಯಾನ್ ಡರ್ ಗ್ರಾಫ್ ಜನರೇಟರ್ ಕರಿಜ್ಮಾ ಎಂಬ ಧ್ವನಿಮುದ್ರಣ ಕಂಪನಿಗಾಗಿ ಮಾಡಿದ ಆಲ್ಬಮ್‌ಗಳು ಇದರಲ್ಲಿ ಸೇರಿವೆ. ಶಿವಮೊಗ್ಗದ ಮನೆಯಲ್ಲಿಯೂ ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಯಲ್ಲಿಯೂ ಮಳೆಗಾಲವಿಡೀ ಕೇಳಿದ ಮೇಲೆ ನನಗನ್ನಿಸಿದ್ದು ಇಷ್ಟು: ಗಾಯಕನನ್ನು ಅರಸಿ ಬಂದವರಿಗೆ ಇಲ್ಲಿ ಯಾವ ಕೊರತೆಯೂ ಇಲ್ಲ, ಪಿಯಾನೊ ವಾದಕನನ್ನು ಅರಸಿ ಬಂದವರು ಮಾತ್ರ ಹಣ ಕೊಡುವ ಮುನ್ನ ಯೋಚಿಸಬೇಕು.

1948ರಲ್ಲಿ ಲಂಡನ್ನಿನ ಈಲಿಂಗ್‌ನಲ್ಲಿ ಹುಟ್ಟಿದ ಹ್ಯಾಮಿಲ್, 1967ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದಾಗ ಗೆಳೆಯರೊಂದಿಗೆ ಈ ತಂಡವನ್ನು ಕಟ್ಟಿದರು. ಪಿಯುಸಿ ಭೌತಶಾಸ್ತ್ರದಲ್ಲಿ ಸ್ಥಿರವಿದ್ಯುತ್ ಉಂಟುಮಾಡುವ ವ್ಯಾನ್ ಡಿ ಗ್ರಾಫ್ ಯಂತ್ರದ ಚಿತ್ರ ಬಿಡಿಸಿ ಅಂಕ ಗಳಿಸಿದವರಿಗೆ ತಂಡದ ಹೆಸರು ಅಪರಿಚಿತವೇನಲ್ಲ. ಇವರ ಸಂಗೀತದಲ್ಲಿ ಗಿಟಾರಿಗೆ ರಾಕ್ ತಂಡಗಳಲ್ಲಿ ಸಿಗುವ ಯಜಮಾನಿಕೆ ಸಿಗುವುದಿಲ್ಲ. ಹ್ಯೂ ಬ್ಯಾಂಟನ್ ಅವರ ಆರ್ಗನ್, ಕೆಲವೊಮ್ಮೆ ಎರಡೆರಡನ್ನು ಒಟ್ಟಿಗೇ ಬಾಯಿಗಿಟ್ಟು ಊದುವ ಡೇವಿಡ್ ಜ್ಯಾಕ್ಸನ್ ಅವರ ಸ್ಯಾಕ್ಸೊಫೋನು, ಗೈ ಇವಾನ್ಸ್ ಅವರ ಡ್ರಮ್ಸ್, ಇವುಗಳ ಮೇಲೆ ಹ್ಯಾಮಿಲ್ ಅವರ ದನಿ: ತಂಡದ ಕಟ್ಟೋಣವೇ ಹೀಗೆ. 1970ರಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ನಿಕ್ ಪಾಟರ್ ಒಂದು ಆಲ್ಬಮ್ಮಿನ ಕೆಲಸದ ನಡುವೆಯೇ ಹೊರಟುಹೋದಾಗ ಬ್ಯಾಂಟನ್ ಆರ್ಗನ್ನಿನ ಪೆಡಲ್‌ಗಳಿಂದಲೇ ಬಾಸ್ ಭಾಗವನ್ನೂ ನಿಭಾಯಿಸತೊಡಗಿದರು. ಹೀಗಾಗಿ ಮಂದ್ರದಿಂದ ತಾರದವರೆಗೆ ಆರ್ಗನ್ನೇ ಹರಡಿಕೊಂಡು, ಪಿಯಾನೊಗೆ ನಡುವೆ ಇಕ್ಕಟ್ಟಾದ ಜಾಗವಷ್ಟೇ ಉಳಿಯಿತು. 1975ರ ‘ಗಾಡ್‌ಬ್ಲಫ್’ ಆಲ್ಬಮ್ಮಿನ ಹೊತ್ತಿಗಂತೂ ಹ್ಯಾಮಿಲ್ ಕ್ಲಾವಿನೆಟ್ (ತಂತಿಗಳಿರುವ ಎಲೆಕ್ಟ್ರಿಕ್ ಕೀಬೋರ್ಡ್) ಮತ್ತು ಎಲೆಕ್ಟ್ರಿಕ್ ಗಿಟಾರ್ ಹಿಡಿದಿದ್ದರು.

ದನಿಯ ಮಾತೇ ಬೇರೆ. ಪಿಸುಮಾತಿನಿಂದ ಹೊರಟು, ಗಂಟಲು ಹರಿಯುತ್ತದೆಯೋ ಎನ್ನುವ ಎತ್ತರಕ್ಕೇರಿ, ಅಲ್ಲಿಂದ ಎಚ್ಚರಿಕೆಯಿಲ್ಲದೆ ಹುಡುಗನ ತೆಳು ಸ್ವರಕ್ಕೆ ಇಳಿಯುವ ಈ ಹಾಡುಗಾರಿಕೆ ಮೊದಲ ಸಲಕ್ಕೆ ಎಲ್ಲರಿಗೂ ಹಿಡಿಸಲಾರದು. ಆದರೆ ರಾತ್ರಿಯಿಡೀ ಚಂಡೆಯ ಅಬ್ಬರದ ಮೇಲೆ ತೇಲುವ ಭಾಗವತರ ಕಂಠಕ್ಕೆ ಕಿವಿ ಪಳಗಿದ ನಮ್ಮ ಮಲೆನಾಡಿನವರಿಗೆ, ಇಂಪಿಗಿಂತ ಪ್ರಸಂಗ ದೊಡ್ಡದೆಂದು ಹಾಡುವ ದನಿಯನ್ನು ಒಪ್ಪಿಕೊಳ್ಳುವುದು ಕಷ್ಟವಾಗಬಾರದು. 1971ರ ‘ಪಾನ್ ಹಾರ್ಟ್ಸ್’ ಇದಕ್ಕೆ ತಕ್ಕ ಸಾಕ್ಷಿ. ದೀಪಸ್ತಂಭದ ಒಂಟಿ ಕಾವಲುಗಾರನ ಮನಸ್ಸು ಕದಡುವುದನ್ನು ಹೇಳುವ 23 ನಿಮಿಷಗಳ ರಚನೆಯೊಂದು ಆ ಎಲ್‌ಪಿಯ ಇಡೀ ಎರಡನೆಯ ಬದಿಯನ್ನು ಆವರಿಸಿತ್ತು. ತಾಯ್ನಾಡಿನಲ್ಲಿ ಹೆಚ್ಚು ಜನರನ್ನು ಮುಟ್ಟದ ಆ ಆಲ್ಬಮ್ 1972ರಲ್ಲಿ ಇಟಲಿಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಪೆಟ್ಟಿಗೆಯಲ್ಲಿ ಇದಕ್ಕೆ ಮತ್ತು ಇನ್ನೂ ಮೂರು ಆಲ್ಬಮ್‌ಗಳಿಗೆ ಹೊಸ ಸ್ಟೀರಿಯೊ ಮಿಶ್ರಣವಿದೆ, ಅಂದರೆ ವಾದ್ಯ ಮತ್ತು ದನಿಗಳ ಪ್ರಮಾಣವನ್ನು ಹೊಸದಾಗಿ ಹೊಂದಿಸಲಾಗಿದೆ. ಹಳೆಯ ಮಿಶ್ರಣದಲ್ಲಿ ಆರ್ಗನ್ನಿನ ಹಿಂದೆ ಮಸುಕಾಗಿದ್ದ ಪಿಯಾನೊ ‘ಮ್ಯಾನ್-ಅರ್ಗ್’ ಹಾಡಿನ ಆರಂಭದಲ್ಲಿ ಈಗ ತುಸು ಮುಂದೆ ಬಂದಂತೆ ನನಗೆ ಕೇಳಿಸಿತು. ಪೆಟ್ಟಿಗೆಯ ಅತ್ಯಂತ ಬೆಲೆಬಾಳುವ ನಿಮಿಷಗಳಲ್ಲಿ ಇವನ್ನೂ ಸೇರಿಸುತ್ತೇನೆ.

ಆ ಪಿಯಾನೊ ಪೂರ್ತಿಯಾಗಿ ಮಾತಾಡುವ ಕಡೆ ಪೆಟ್ಟಿಗೆ ಮೌನವಾಗುತ್ತದೆ. 1972ರಲ್ಲಿ ತಂಡ ಒಡೆಯಿತು, 1975ರಲ್ಲಿ ಮತ್ತೆ ಕೂಡಿತು. ನಡುವಿನ ವರ್ಷಗಳಲ್ಲಿ ಹ್ಯಾಮಿಲ್ ತಮ್ಮ ಹೆಸರಿನಲ್ಲಿಯೇ ಆಲ್ಬಮ್ ಮಾಡಿದರು, ಹಳೆಯ ಸಂಗಾತಿಗಳು ಅವುಗಳಲ್ಲಿಯೂ ಬಂದು ನುಡಿಸಿದರು. 1974ರ ‘ದಿ ಸೈಲೆಂಟ್ ಕಾರ್ನರ್ ಅಂಡ್ ದಿ ಎಂಪ್ಟಿ ಸ್ಟೇಜ್’ ಮತ್ತು ಅದೇ ವರ್ಷದ ‘ಇನ್ ಕ್ಯಾಮೆರಾ’ ಕೇಳಿದರೆ, ಉಸಿರು ನಿಂತಲ್ಲಿ ನಿಂತು, ಸಾಲು ಮುರಿದಲ್ಲಿ ಮುರಿದು, ದನಿಯ ಜೊತೆಗೇ ನಡೆಯುವ ಪಿಯಾನೊ ಎಂದರೇನೆಂದು ತಿಳಿಯುತ್ತದೆ. ಅಲ್ಲಿ ಬೆರಳಿನ ಚಮತ್ಕಾರವಿಲ್ಲ. ಅದೇ ಕಾಲದ ರಾಕ್ ಕೀಬೋರ್ಡ್ ವಾದಕ ಕೀತ್ ಎಮರ್ಸನ್ ಅವರ ವೇಗವನ್ನು ಬಯಸುವವರು ನಿರಾಶರಾದಾರು. 1975ರ ಮತ್ತೊಂದು ಸ್ವಂತ ಆಲ್ಬಮ್, ‘ನೇಡಿರ್ಸ್ ಬಿಗ್ ಚಾನ್ಸ್’, ಪಂಕ್ ಸಂಗೀತದ ಮುನ್ಸೂಚನೆಯಂತಿತ್ತು. ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ತಂಡದ ಗಾಯಕ ಜಾನ್ ಲೈಡನ್ 1977ರಲ್ಲಿ ಲಂಡನ್ನಿನ ರೇಡಿಯೊ ಕಾರ್ಯಕ್ರಮವೊಂದರಲ್ಲಿ ಅದರ ಹಾಡುಗಳನ್ನು ಹಾಕಿಸಿ ಹ್ಯಾಮಿಲ್ ಅವರನ್ನು ಮೆಚ್ಚಿ ಮಾತಾಡಿದ್ದರು. ಇವಾವುವೂ ಪೆಟ್ಟಿಗೆಯಲ್ಲಿಲ್ಲ. ತಂಡದ ಹೆಸರಿನ ಪೆಟ್ಟಿಗೆ ಇದೆಂಬುದು ನಿಜ, ಆದರೂ ಅದೇ ಕಾಲದ ಸ್ವಂತ ಆಲ್ಬಮ್‌ಗಳನ್ನು ಹೊರಗಿಟ್ಟು ಈ ತಂಡದ ಕಥೆ ಹೇಳುವುದು ಅರ್ಧ ಕಥೆಯೇ ಸರಿ. 2003ರಲ್ಲಿ ಹ್ಯಾಮಿಲ್ ಅವರಿಗಾದ ಹೃದಯಾಘಾತ, 2005ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ನಡೆದ ತಂಡದ ಪುನರ್ಮಿಲನ, ಅನಂತರದ ಆಲ್ಬಮ್‌ಗಳು, ಇವೆಲ್ಲ ಶೀರ್ಷಿಕೆಯ ಕಾಲಮಿತಿಯಿಂದಾಚೆಗೆ ಉಳಿಯುವುದರಿಂದ ಆ ಬಗ್ಗೆ ತಕರಾರಿಲ್ಲ.

ನಮ್ಮ ಕಡೆ ಕೊಳ್ಳುವವರಿಗೆ ಬೇರೆ ಲೆಕ್ಕವೂ ಇದೆ. ಈ ಸಂಗೀತದಲ್ಲಿ ಅತಿ ಮೆಲುದನಿಗೂ ಅಬ್ಬರಕ್ಕೂ ಬಹಳ ಅಂತರವಿರುವುದರಿಂದ, ಆಷಾಢದ ಮಳೆ ಹೆಂಚಿನ ಮೇಲೆ ಹೊಯ್ಯುವಾಗ ಸ್ಪೀಕರಿನಲ್ಲಿ ಮೆಲುಭಾಗಗಳು ಕೇಳಿಸುವುದೇ ಇಲ್ಲ, ವಾಲ್ಯೂಮ್ ಹೆಚ್ಚಿಸಿದರೆ ಮುಂದಿನ ನಿಮಿಷದಲ್ಲಿ ಮನೆಯವರೆಲ್ಲ ಬೆಚ್ಚಿಬೀಳುತ್ತಾರೆ. ಒಳ್ಳೆಯ ಹೆಡ್‌ಫೋನ್ ಇಲ್ಲದೆ ಮಳೆಗಾಲದಲ್ಲಿ ಇದನ್ನು ಕೇಳುವುದು ವ್ಯರ್ಥ. ಬ್ಲೂ-ರೇಯಲ್ಲಿರುವ 5.1 ಸರೌಂಡ್ ಮಿಶ್ರಣ ಕೇಳಲು ಪ್ಲೇಯರ್, ರಿಸೀವರ್, ಆರು ಸ್ಪೀಕರ್ ಬೇಕು, ಮತ್ತು ಆ ಹೊತ್ತಿಗೆ ಕರೆಂಟು ಇರಬೇಕು. ಕಾಗದದ ಹೊದಿಕೆಗಳಿಗೆ ನಮ್ಮ ತೇವದಲ್ಲಿ ಬೂಷ್ಟು ಹಿಡಿಯದೆ ಇರುವುದಿಲ್ಲವಾದ್ದರಿಂದ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡುವುದು ಲೇಸು. ವಿದೇಶದಿಂದ ತರಿಸಿದರೆ ಬೆಲೆಯ ಮೇಲೆ ಸಾಗಣೆ ಖರ್ಚು, ಕಸ್ಟಮ್ಸ್ ಸುಂಕ ಬೇರೆ.

ಬಿಬಿಸಿಗಾಗಿ ಮಾಡಿದ ಧ್ವನಿಮುದ್ರಣಗಳು ಚೊಕ್ಕವಾಗಿವೆ. 1978ರ ‘ವೈಟಲ್’ ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಮುದ್ರಿತವಾದ ಒರಟು ದಾಖಲೆ. ಆರ್ಗನ್ ಹೋಗಿ ಪಿಟೀಲು, ಚೆಲ್ಲೊ ಬಂದ ಆ ತಂಡವನ್ನು ನಾನು ಮೆಚ್ಚಿದೆನಾದರೂ ಎಲ್ಲರಿಗೂ ಶಿಫಾರಸು ಮಾಡಲಾರೆ. ಹ್ಯಾಮಿಲ್ ಅವರ ಪರಿಚಯವೇ ಇಲ್ಲದವರು ಇಷ್ಟು ದೊಡ್ಡ ಪೆಟ್ಟಿಗೆಗೆ ಕೈಹಾಕುವುದು ಬೇಡ. 2021ರಲ್ಲಿಯೇ ಬಿಡಿಯಾಗಿ ಬಂದ, 2 ಸಿಡಿ ಮತ್ತು 1 ಡಿವಿಡಿಯ ‘ಪಾನ್ ಹಾರ್ಟ್ಸ್’ ಆವೃತ್ತಿಯನ್ನು ಕೊಂಡು, ಉಳಿದ ಹಣದಲ್ಲಿ 1974ರ ಆ ಎರಡು ಸ್ವಂತ ಆಲ್ಬಮ್‌ಗಳನ್ನು ತರಿಸಿಕೊಂಡರೆ ಗಾಯಕನೂ ಪಿಯಾನೊ ವಾದಕನೂ ಇಬ್ಬರೂ ಮನೆಗೆ ಬಂದಂತಾಗುತ್ತದೆ.