ಏಷ್ಯಾ ಸಮ್ಮೇಳನವೋ, ವಿಶ್ವ ಸಮ್ಮೇಳನವೋ?
ದೂರ ಶಿಕ್ಷಣದ ಆಡಳಿತಾಧಿಕಾರಿಗೆ ಒಂದೇ ವಿದೇಶ ಪ್ರಯಾಣಕ್ಕೆ ಅನುಮತಿ ದೊರೆತರೆ, 1987ರಲ್ಲಿ ಸ್ಥಾಪನೆಯಾದ ಏಷ್ಯಾದ ಮುಕ್ತ ವಿಶ್ವವಿದ್ಯಾಲಯಗಳ ಸಂಘದ ವಾರ್ಷಿಕ ಸಮ್ಮೇಳನಕ್ಕೆ ಹೋಗಬೇಕೋ, ಓಸ್ಲೋದಲ್ಲಿ ಕೇಂದ್ರ ಕಚೇರಿಯುಳ್ಳ ಮುಕ್ತ ಹಾಗೂ ದೂರ ಶಿಕ್ಷಣದ ಅಂತರರಾಷ್ಟ್ರೀಯ ಮಂಡಳಿಯ (ಐಸಿಡಿಇ) ವಿಶ್ವ ಸಮ್ಮೇಳನಕ್ಕೆ ಹೋಗಬೇಕೋ ಎಂಬ ಪ್ರಶ್ನೆ ಏಳುತ್ತದೆ.

ಹಿರಿತನ ಎರಡನೆಯದರದು. ಅದರ ಮೊದಲ ಸಮ್ಮೇಳನ ಅಂಚೆ ಶಿಕ್ಷಣದ ಹೆಸರಿನಲ್ಲಿ 1938ರಲ್ಲಿ ಕೆನಡಾದ ವಿಕ್ಟೋರಿಯಾದಲ್ಲಿ ನಡೆಯಿತು. 2019ರಲ್ಲಿ ಡಬ್ಲಿನ್, 2023ರಲ್ಲಿ ಕೋಸ್ಟರಿಕ ಆತಿಥ್ಯ ವಹಿಸಿದವು. ನೀತಿ ರೂಪಿಸುವ ಕುಲಪತಿಗಳಿಗೆ ಅಲ್ಲಿನ ಜಾಗತಿಕ ಚರ್ಚೆ ಅಮೂಲ್ಯವಾದುದು, ಆದರೆ ಪ್ರಯಾಣವೆಚ್ಚ ಭಾರವಾದೀತು.

ಪ್ರವೇಶಾತಿ, ಸಿದ್ಧಪಾಠಗಳ ರವಾನೆ, ಸಂಪರ್ಕ ತರಗತಿ, ದೂರದ ತಾಲ್ಲೂಕುಗಳ ಪರೀಕ್ಷಾ ಕೇಂದ್ರ ಇವುಗಳನ್ನು ದಿನನಿತ್ಯ ನಿಭಾಯಿಸುವವರಿಗೆ, ಉದಾಹರಣೆಗೆ 1996ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಂಥ ಸಂಸ್ಥೆಯವರಿಗೆ, ನಾನು ಏಷ್ಯಾ ಸಮ್ಮೇಳನವನ್ನೇ ಸೂಚಿಸುತ್ತೇನೆ. ಕೆಲಸದ ನಡುವೆ ಓದುವವರನ್ನು, ಹಲವು ಭಾಷೆಗಳಲ್ಲಿ ಕಲಿಯುವವರನ್ನು, ಅಂತರ್ಜಾಲ ಸರಿಯಾಗಿ ಸಿಗದ ಊರಿನವರನ್ನು ದೊಡ್ಡ ಸಂಖ್ಯೆಯಲ್ಲಿ ತಲುಪುವ ಕಷ್ಟ ಬಲ್ಲ ಸಹೋದ್ಯೋಗಿಗಳು ಅಲ್ಲಿ ಸಿಗುತ್ತಾರೆ; ಊಟದ ವೇಳೆಯ ಮಾತುಕತೆಯೂ ಮರಳಿದ ಮೇಲೆ ಕಡತಕ್ಕೆ ಒದಗುತ್ತದೆ.

ನೋಂದಾಯಿಸುವ ಮುನ್ನ ಕಾರ್ಯಕ್ರಮ ಪಟ್ಟಿಯನ್ನು ತರಿಸಿಕೊಂಡು, ವಿದ್ಯಾರ್ಥಿ ಸೇವೆ ಹಾಗೂ ಮೌಲ್ಯಮಾಪನಕ್ಕೆ ಎಷ್ಟು ಗೋಷ್ಠಿಗಳು ಮೀಸಲಾಗಿವೆಯೆಂದು ಎಣಿಸಿ ನೋಡಿರಿ.