ಲಿನಕ್ಸ್‌ನ 35 ಬೇರೆ, ಫ್ರೀಬಿಎಸ್‌ಡಿಯ 35 ಬೇರೆ: ನಾನು ಮೂರು ದಿನ ಕಳೆದುಕೊಂಡ ಕಥೆ

ಲಿನಕ್ಸ್‌ಗೆ ಬರೆದ ಸಿ ಪ್ರೋಗ್ರಾಂ ಒಂದನ್ನು ಫ್ರೀಬಿಎಸ್‌ಡಿಗೆ (ಲಿನಕ್ಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಒಯ್ಯುವ ಯೋಚನೆ ಇದ್ದರೆ ಇದನ್ನು ಓದಿಕೊಂಡು ಮುಂದೆ ಹೋಗಿ. ಕಂಪೈಲ್ ಆದ ತಕ್ಷಣ ಕೆಲಸ ಮುಗಿಯಿತು ಅಂದುಕೊಂಡವನು ನಾನು. ಒಂದೂ ವಾರ್ನಿಂಗ್ ಬರಲಿಲ್ಲ ನೋಡಿ, ಅದೇ ಧೈರ್ಯ.

ಅದೊಂದು ಚಿಕ್ಕ ಸರ್ವರ್. ಮುಖ್ಯ ಥ್ರೆಡ್ (ಪ್ರೋಗ್ರಾಂನೊಳಗೆ ತನ್ನಷ್ಟಕ್ಕೆ ಓಡುವ ಒಂದು ಎಳೆ) ಯಾರಾದರೂ ಬಂದರೇ ಅಂತ ಪೋಲ್ ಮಾಡುತ್ತಾ ಕೂತಿರುತ್ತದೆ. ಕನೆಕ್ಷನ್ ಬಂದರೆ ಅಕ್ಸೆಪ್ಟ್ ಮಾಡಿ ಇನ್ನೊಂದು ಥ್ರೆಡ್‌ಗೆ ಒಪ್ಪಿಸುತ್ತದೆ. ಆ ಥ್ರೆಡ್ ರೀಡ್ ಕರೆದು, ಡೇಟಾ ಬರುವವರೆಗೆ ಕಾಯುತ್ತದೆ. ಲಿನಕ್ಸ್‌ನಲ್ಲಿ ವರ್ಷಗಟ್ಟಲೆ ತಂಟೆ ಇಲ್ಲದೆ ಓಡಿತ್ತು. ಫ್ರೀಬಿಎಸ್‌ಡಿಯಲ್ಲಿ ಮಾತ್ರ ಕೆಲವು ಕನೆಕ್ಷನ್‌ಗಳು ಬಂದ ಕೂಡಲೇ ಕಡಿದುಹೋಗತೊಡಗಿದವು. ಅದೇ ಮಷೀನ್‌ನಿಂದ ಟೆಸ್ಟ್ ಮಾಡಿದರೆ ಹೆಚ್ಚುಕಡಿಮೆ ಎಲ್ಲಾ ಸರಿ. ನಿಧಾನದ ನೆಟ್‌ವರ್ಕ್‌ನಿಂದ ಬಂದವರಿಗೆ ಮಾತ್ರ ಬಾಗಿಲು ಬಂದ್.

ಲಾಗ್‌ನಲ್ಲಿ ಇದ್ದದ್ದು ಇಷ್ಟೇ: ರೀಡ್ ಫೇಲ್, ಎರ್‌ನೋ 35. ಎರ್‌ನೋ ಅಂದರೆ ಸಿಸ್ಟಂ ಕೊಡುವ ತಪ್ಪಿನ ಸಂಖ್ಯೆ.

ಇಲ್ಲಿ ನಾನು ಮಾಡಿದ್ದನ್ನು ನೀವು ಮಾಡಬೇಡಿ. 35 ಅಂದರೇನು ಎಂದು ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ನೋಡಿದೆ. ಪೈಥಾನ್ ತೆರೆದು, ತಪ್ಪಿನ ಸಂಖ್ಯೆಯನ್ನು ಮಾತಿನಲ್ಲಿ ಹೇಳುವ ಸ್ಟ್ರ್‌ಎರರ್‌ಗೆ 35 ಕೊಟ್ಟೆ. 'ರಿಸೋರ್ಸ್ ಡೆಡ್‌ಲಾಕ್ ಅವಾಯ್ಡೆಡ್' ಎಂದಿತು. ಡೆಡ್‌ಲಾಕ್ ಅಂದರೆ ಥ್ರೆಡ್‌ಗಳು ಒಂದರ ಲಾಕ್‌ಗೆ ಇನ್ನೊಂದು ಕಾಯುತ್ತಾ ಸಿಕ್ಕಿಬೀಳುವುದು. ಥ್ರೆಡ್‌ಗಳಿವೆ, ಲಾಕ್‌ಗಳಿವೆ, ಡೆಡ್‌ಲಾಕ್ ಅಂತಲೂ ಹೇಳುತ್ತಿದೆ. ಇನ್ನೇನು ಬೇಕು? ಮೂರು ದಿನ ಒಂದೊಂದೇ ಮ್ಯೂಟೆಕ್ಸ್ (ಲಾಕ್‌ನ ಇನ್ನೊಂದು ಹೆಸರು) ಕೆದಕಿದೆ. ಲಾಕ್ ಹಿಡಿಯುವ ಕ್ರಮ ಬದಲಿಸಿದೆ. ನೆಟ್ಟಗಿದ್ದ ಕೋಡನ್ನೂ ಕೆಡಿಸಿದೆ. ಸಾಕೆಟ್ (ಕನೆಕ್ಷನ್‌ನ ನಮ್ಮ ಕಡೆಯ ತುದಿ) ಓದುವಾಗ ಡೆಡ್‌ಲಾಕ್ ಎಲ್ಲಿಂದ ಬಂತು ಅಂತ ಮೊದಲ ದಿನವೇ ಕೇಳಿಕೊಳ್ಳಬೇಕಿತ್ತು, ಅಲ್ವಾ?

ನಾಲ್ಕನೇ ದಿನ ಫ್ರೀಬಿಎಸ್‌ಡಿಯಲ್ಲೇ ಟ್ರಸ್ ಹಾಕಿ ನೋಡಿದೆ. ಲಿನಕ್ಸ್‌ನಲ್ಲಿ ಎಸ್‌ಟ್ರೇಸ್ ಮಾಡುವ ಕೆಲಸವನ್ನು ಅಲ್ಲಿ ಅದು ಮಾಡುತ್ತದೆ: ಪ್ರೋಗ್ರಾಂ ಸಿಸ್ಟಂಗೆ ಮಾಡುವ ಕರೆಗಳನ್ನು ತೋರಿಸುವುದು. ಫೇಲ್ ಆದ ರೀಡ್ ಪಕ್ಕದಲ್ಲೇ 35 ಇತ್ತು, ಅದರ ಪಕ್ಕ 'ರಿಸೋರ್ಸ್ ಟೆಂಪರರಿಲಿ ಅನವೈಲಬಲ್'. ಅಂದರೆ ಇ-ಅಗೇನ್. ಡೇಟಾ ಇನ್ನೂ ಬಂದಿಲ್ಲ, ಆಮೇಲೆ ಬಾ ಅಂತ.

ಈ ಸಂಖ್ಯೆಗಳ ಪಟ್ಟಿ ಇರುವ ಹೆಡರ್ ಫೈಲ್ ತೆರೆದು ನೋಡಿದರೆ ತಲೆ ಚಚ್ಚಿಕೊಳ್ಳುವಂತಾಯಿತು. ಲಿನಕ್ಸ್‌ನಲ್ಲಿ 11 ಇ-ಅಗೇನ್, 35 ಡೆಡ್‌ಲಾಕ್. ಫ್ರೀಬಿಎಸ್‌ಡಿಯಲ್ಲಿ 11 ಡೆಡ್‌ಲಾಕ್, 35 ಇ-ಅಗೇನ್. ಸರಿಯಾಗಿ ಅದಲು ಬದಲು! 11 ಮೊದಲು ಇ-ಅಗೇನ್ ಆಗಿತ್ತು ಅಂತ ಪಕ್ಕದಲ್ಲಿ ಒಂದು ಕಾಮೆಂಟ್ ಬೇರೆ ಇದೆ. ಪಾಸಿಕ್ಸ್ (ಇಂಥ ಸಿಸ್ಟಂಗಳ ಸಾಮಾನ್ಯ ಮಾನದಂಡ) ಹೆಸರುಗಳನ್ನು ಗೊತ್ತುಮಾಡುತ್ತದೆ, ಅಂಕಿಗಳನ್ನು ಅಲ್ಲ. ಮ್ಯಾಕ್‌ಓಎಸ್‌ನಲ್ಲೂ ಬಿಎಸ್‌ಡಿಯ ಲೆಕ್ಕವೇ.

ಸರಿ, ಕಾಯಬೇಕಾದ ರೀಡ್ 'ಆಮೇಲೆ ಬಾ' ಅಂದದ್ದು ಯಾಕೆ? ನನ್ನ ಲಿಸನ್ ಸಾಕೆಟ್ ನಾನ್‌ಬ್ಲಾಕಿಂಗ್ ಆಗಿತ್ತು, ಅಂದರೆ ಏನೂ ಬಂದಿಲ್ಲದಿದ್ದರೆ ಕಾಯದೆ ತಕ್ಷಣ ಹಿಂತಿರುಗುವಂಥದ್ದು. ಫ್ರೀಬಿಎಸ್‌ಡಿಯಲ್ಲಿ ಅಕ್ಸೆಪ್ಟ್ ಕೊಡುವ ಹೊಸ ಸಾಕೆಟ್‌ಗೂ ಆ ಗುಣ ಹಾಗೇ ಅಂಟಿಕೊಂಡು ಬರುತ್ತದೆ. ಲಿನಕ್ಸ್‌ನಲ್ಲಿ ಬರುವುದಿಲ್ಲ. ಲಿನಕ್ಸ್‌ನ ಮ್ಯಾನ್ ಪೇಜ್‌ನಲ್ಲೇ ಇದನ್ನು ಬರೆದಿದ್ದಾರೆ, ಓದಿದ್ದವರು ಯಾರು! ರೀಡ್ ಕರೆಯುವಷ್ಟರಲ್ಲಿ ಡೇಟಾ ಬಂದಿದ್ದರೆ ಬಚಾವ್, ಇಲ್ಲದಿದ್ದರೆ 35. ನನ್ನ ಟೆಸ್ಟ್‌ಗಳು ಪಾಸ್ ಆಗುತ್ತಿದ್ದದ್ದೂ ಇದಕ್ಕೇ.

ಅಕ್ಸೆಪ್ಟ್ ಆದ ಮೇಲೆ ಎಫ್‌ಸಿಎನ್‌ಟಿಎಲ್ ಎಂಬ ಕರೆಯಿಂದ ಆ ನಾನ್‌ಬ್ಲಾಕಿಂಗ್ ಫ್ಲ್ಯಾಗ್ ತೆಗೆದೆ, ಸರಿಹೋಯಿತು. ಅಕ್ಸೆಪ್ಟ್4 ಬಳಸಿದರೂ ಆಗುತ್ತದೆ, ಅದರಲ್ಲಿ ಏನು ಬೇಕೆಂದು ನಾವೇ ಹೇಳಬಹುದು. ಆದರೆ ಮ್ಯಾಕ್‌ಓಎಸ್‌ನಲ್ಲಿ ಅದು ಇಲ್ಲ. ಲಾಗ್‌ನಲ್ಲಿ ಬರೀ ಅಂಕಿ ಬರೆಯುವುದನ್ನೂ ಬಿಟ್ಟೆ. ಅದೇ ಮಷೀನ್‌ನ ಸ್ಟ್ರ್‌ಎರರ್ ಕೊಟ್ಟ ಮಾತೂ ಈಗ ಪಕ್ಕದಲ್ಲಿರುತ್ತದೆ.

ಮುಗಿಯಿತು ಅಂದುಕೊಂಡೆ. ಅದೇ ರಾತ್ರಿ ಸರ್ವರ್ ಸತ್ತುಬಿದ್ದಿತ್ತು, ಪಕ್ಕದಲ್ಲಿ ಕೋರ್ ಫೈಲ್ (ಸಾಯುವ ಹೊತ್ತಿನ ಮೆಮೊರಿಯ ನಕಲು). ಲಾಗ್ ಬದಲಿಸುವ ಸ್ಕ್ರಿಪ್ಟ್‌ನಲ್ಲಿ ಯಾವ ಕಾಲದಲ್ಲೋ ನಾನೇ 'ಕಿಲ್ -10' ಅಂತ ಬರೆದಿದ್ದೆ, ಅಂದರೆ ಪ್ರೋಗ್ರಾಂಗೆ 10ನೇ ಸಿಗ್ನಲ್ ಕಳಿಸು ಅಂತ. ಲಿನಕ್ಸ್‌ನಲ್ಲಿ 10 ಅಂದರೆ ನಮಗೆ ಬೇಕಾದಂತೆ ಬಳಸಬಹುದಾದ ಸಿಗ್‌ಯೂಸರ್1, ಫ್ರೀಬಿಎಸ್‌ಡಿಯಲ್ಲಿ ಮೆಮೊರಿ ತಪ್ಪಿಗೆ ಮೀಸಲಾದ ಸಿಗ್‌ಬಸ್. ಲಾಗ್ ಫೈಲ್ ಹೊಸದಾಗಿ ತೆರೆ ಅಂತ ಹೇಳಲು ಹೋಗಿ ಕುತ್ತಿಗೆ ಹಿಸುಕಿದ್ದೆ. 1, 2, 9, 15 ಎರಡೂ ಕಡೆ ಒಂದೇ ಆಗಿರುವುದರಿಂದ ಉಳಿದವೂ ಹಾಗೇ ಅಂತ ಮೋಸಹೋಗುತ್ತೇವೆ.

ಆಮೇಲೆ ಕಿಲ್ ಜೊತೆ ಅಂಕಿ ಇರುವ ಸಾಲುಗಳನ್ನೆಲ್ಲ ಗ್ರೆಪ್ ಮಾಡಿ ಹುಡುಕಿದೆ. ಬ್ಯಾಕಪ್‌ಗೆ ಮುಂಚೆ 19 ಕಳಿಸಿ ಪ್ರೋಗ್ರಾಂ ನಿಲ್ಲಿಸುವ, ಮುಗಿದ ಮೇಲೆ 18 ಕಳಿಸಿ ಎಬ್ಬಿಸುವ ಸ್ಕ್ರಿಪ್ಟ್ ಒಂದು ಸಿಕ್ಕಿತು. ಫ್ರೀಬಿಎಸ್‌ಡಿಯಲ್ಲಿ 19 ಅಂದರೆ ಮುಂದುವರಿ ಎನ್ನುವ ಸಿಗ್‌ಕಾಂಟ್, 18 ನಿಲ್ಲು ಎನ್ನುವ ಸಿಗ್‌ಟಿಎಸ್‌ಟಿಪಿ. ಪ್ರೋಗ್ರಾಂ ಬರೆಯುತ್ತಿರುವಾಗಲೇ ಬ್ಯಾಕಪ್ ಆಗಿಬಿಡುತ್ತಿತ್ತು. ಭಾನುವಾರ ಅದರ ಸರದಿ ಬರುವ ಮುಂಚೆ ಕಣ್ಣಿಗೆ ಬಿತ್ತು, ಸದ್ಯ.