ನಮ್ಮ ಬಡಾವಣೆಯ ಸರ್ಕ್ಯುಲೇಟಿಂಗ್ ಲೈಬ್ರರಿಯ ಕೊನೆಯ ಆರು ವಾರ

ಬೆಂಗಳೂರಿನ ದಕ್ಷಿಣ ಭಾಗದ ಹಳೆಯ ಬಡಾವಣೆಯೊಂದರಲ್ಲಿ 1987ರಿಂದ ನಡೆದುಕೊಂಡು ಬಂದಿದ್ದ ಖಾಸಗಿ ಸರ್ಕ್ಯುಲೇಟಿಂಗ್ ಲೈಬ್ರರಿಯೊಂದು, ಅಂದರೆ ಚಂದಾ ಪಡೆದು ಪುಸ್ತಕಗಳನ್ನು ಓದಲು ಮನೆಗೆ ಕೊಡುವ ಅಂಗಡಿಯೊಂದು, 2024ರ ಜನವರಿ ಕೊನೆಯಲ್ಲಿ ಬಾಗಿಲು ಹಾಕಿತು. ನಾನು ಅಲ್ಲಿ ಇಪ್ಪತ್ತೆರಡು ವರ್ಷ ಸದಸ್ಯನಾಗಿದ್ದೆ. ಮುಚ್ಚುವ ಹೊತ್ತಿನಲ್ಲಿ ಆರು ವಾರ ಸಂಬಳವಿಲ್ಲದ ಕೆಲಸಗಾರನೂ ಆಗಿದ್ದೆ. ಹೆಸರು ಬರೆಯುವುದಿಲ್ಲ. ಅಲ್ಲಿಗೆ ಹೋಗಿಬರುತ್ತಿದ್ದವರಿಗೆ ಹೇಗೂ ಗೊತ್ತಾಗುತ್ತದೆ, ಉಳಿದವರಿಗೆ ಹೆಸರಿನಿಂದ ಆಗಬೇಕಾದದ್ದೇನೂ ಇಲ್ಲ. ಮುಚ್ಚಿಹೋದ ಅಂಗಡಿಗೆ ವಿಮರ್ಶೆ ಏಕೆ ಎಂದರೆ, ಮಾಲೀಕರು ಮೋಸಗಾರರು ಎಂದು ಕೆಲವರು, ಸ್ವಯಂಸೇವಕರು ಅಧಿಕಪ್ರಸಂಗಿಗಳು ಎಂದು ಇನ್ನು ಕೆಲವರು ಈಗಲೂ ಹೇಳಿಕೊಂಡು ತಿರುಗುತ್ತಿದ್ದಾರೆ, ಮತ್ತು ನನ್ನ ಕಣ್ಣೆದುರು ನಡೆದದ್ದು ಈ ಎರಡರಲ್ಲಿ ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ.

ಮೊದಲು ಸೇವೆಯ ಮಾತು. ಒಂದು ಶಟರಿನ ಅಂಗಡಿ, ಒಳಗೆ ಹನ್ನೊಂದು ಸಾವಿರದಷ್ಟು ಪುಸ್ತಕ, ನಡುವೆ ಒಬ್ಬರು ಮಾತ್ರ ನಿಲ್ಲಬಹುದಾದಷ್ಟು ಜಾಗ. ಠೇವಣಿ ಐನೂರು ರೂಪಾಯಿ. ತಿಂಗಳ ಚಂದಾ ಬೇರೆ. ಪತ್ತೇದಾರಿ ಕಾದಂಬರಿ, ಸಾಮಾಜಿಕ ಕಾದಂಬರಿ, ವಾರಪತ್ರಿಕೆ, ಮಕ್ಕಳ ಪುಸ್ತಕ, ಇಂಗ್ಲಿಷಿನ ಕಾಮಿಕ್ಸ್, ಎಲ್ಲವೂ ಇದ್ದವು. ಮಾಲೀಕರಿಗೆ ಪ್ರತಿಯೊಬ್ಬ ಸದಸ್ಯನ ಓದಿನ ರುಚಿ ಗೊತ್ತಿತ್ತು. "ಇದು ನಿಮಗಲ್ಲ, ನಿಮ್ಮ ಮನೆಯವರಿಗೆ" ಎಂದು ಕೈಯಲ್ಲಿದ್ದ ಪುಸ್ತಕವನ್ನು ಕಿತ್ತುಕೊಂಡು ಬೇರೊಂದನ್ನು ಕೊಡುತ್ತಿದ್ದರು, ಮತ್ತು ಹೆಚ್ಚಿನ ಸಲ ಅವರ ಮಾತೇ ಸರಿಯಾಗಿರುತ್ತಿತ್ತು. ಆ ಇಪ್ಪತ್ತೆರಡು ವರ್ಷಗಳಿಗೆ ಅಂಕ ಕೊಡುವುದಾದರೆ ನಾನು ಧಾರಾಳವಾಗಿಯೇ ಕೊಡುತ್ತೇನೆ.

ಅಲ್ಲಿನ ನಿಜವಾದ ಆಸ್ತಿ ಮಾತ್ರ ಒಳಗೋಡೆಯ ಮೇಲಿನ ಎರಡು ಸಾಲುಗಳಲ್ಲಿತ್ತು. ವಾರಪತ್ರಿಕೆಗಳಲ್ಲಿ ಬಂದ ಧಾರಾವಾಹಿಗಳನ್ನು ವಾರವಾರವೂ ಬಿಡಿಸಿಟ್ಟು, ಕಂತುಗಳನ್ನು ಕ್ರಮವಾಗಿ ಜೋಡಿಸಿ, ದಪ್ಪ ದಾರದಲ್ಲಿ ಹೊಲಿದು, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿ ರಟ್ಟು ಹಾಕಿದ ಸಂಪುಟಗಳು ಅವು. ಹಿಂದೆ ಅನೇಕ ಮನೆಗಳಲ್ಲಿ ಹೀಗೆ ಮಾಡುತ್ತಿದ್ದರು; ಇಲ್ಲಿ ಆ ಕೆಲಸವನ್ನು ಮಾಲೀಕರ ತೀರಿಹೋದ ಹೆಂಡತಿ ಮಾಡಿದ್ದರು. ಕೊನೆಯ ರಟ್ಟಿನ ಒಳಬದಿಗೆ ಅಂಟಿಸಿದ ಚೀಟಿಯ ಮೇಲೆ ವಾಪಸ್ ಕೊಡಬೇಕಾದ ದಿನಾಂಕದ ನೇರಳೆ ಮುದ್ರೆಗಳು ಒಂದರ ಮೇಲೊಂದು ಬಿದ್ದು, ಕೆಲವು ಚೀಟಿಗಳು ಓದಲಾಗದಷ್ಟು ಕಪ್ಪಾಗಿದ್ದವು. ಹಾಳೆ ತಿರುಗಿಸಿದರೆ ಕಥೆಯ ಪಕ್ಕದಲ್ಲೇ ಹಳೆಯ ಕೇಶತೈಲದ ಜಾಹೀರಾತು, ಯಾರೋ ಪೆನ್ಸಿಲಿನಲ್ಲಿ ಅರ್ಧ ಬಿಡಿಸಿ ಬಿಟ್ಟ ಪದಬಂಧ. ಮುಂದೆ ನಡೆದ ಜಗಳದ ಬಹುಪಾಲು ಈ ಎರಡು ಸಾಲುಗಳ ಮೇಲೆಯೇ ನಡೆಯಿತು.

ಮುಚ್ಚುವ ಕಾರಣ ಸರಳವಾಗಿತ್ತು. ಕಟ್ಟಡದ ಮಾಲೀಕರಿಗೆ ಹಳೆಯದನ್ನು ಕೆಡವಿ ಹೊಸದು ಕಟ್ಟಿಸಬೇಕಿತ್ತು. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಬಿಟ್ಟುಹೋದ ಸದಸ್ಯರಲ್ಲಿ ಅರ್ಧದಷ್ಟು ಜನ ಮರಳಿರಲಿಲ್ಲ. ಬೇರೆ ಕಡೆ ಬಾಡಿಗೆ ಹಿಡಿದು ಮತ್ತೆ ಶುರುಮಾಡುವ ವಯಸ್ಸೂ ಲೈಬ್ರರಿಯ ಮಾಲೀಕರದಾಗಿರಲಿಲ್ಲ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವೆಲ್ಲ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಅದು ಸರ್ಕಾರಿ ಗ್ರಂಥಾಲಯಗಳಿಗೆ ಹೋಗುವ ಹಣ. ಇಂಥ ಖಾಸಗಿ ಅಂಗಡಿಗೆ ಅದರಲ್ಲಿ ಬಿಡಿಗಾಸೂ ಬರುವುದಿಲ್ಲ. ಪುಸ್ತಕದ ವ್ಯಾಪಾರದಲ್ಲಿ ಹೆಸರು ಇದ್ದವರದೂ ಇದೇ ಕಥೆ. 1971ರಲ್ಲಿ ಶುರುವಾದ ಬೆಂಗಳೂರಿನ ಪ್ರೀಮಿಯರ್ ಬುಕ್‌ಶಾಪ್ 2009ರಲ್ಲಿ ಮುಚ್ಚಿತು. 1948ರಿಂದ ಇದ್ದ ಮುಂಬಯಿಯ ಸ್ಟ್ರ್ಯಾಂಡ್ ಬುಕ್ ಸ್ಟಾಲ್ 2018ರಲ್ಲಿ ಮುಚ್ಚಿತು. ಆದ್ದರಿಂದ ಮುಚ್ಚಿದ್ದರ ಬಗ್ಗೆ ನನ್ನ ತಕರಾರಿಲ್ಲ.

ಡಿಸೆಂಬರ್ ಮಧ್ಯದಲ್ಲಿ ಮಾಲೀಕರು ಬಾಗಿಲಿಗೆ ಒಂದು ಹಾಳೆ ಅಂಟಿಸಿದರು: ಜನವರಿ 31ಕ್ಕೆ ಲೈಬ್ರರಿ ಮುಚ್ಚುತ್ತದೆ, ಪುಸ್ತಕಗಳು ಮಾರಾಟಕ್ಕಿವೆ, ಕೈಜೋಡಿಸುವವರು ಬರಬಹುದು. ಹದಿನಾಲ್ಕು ಜನ ಸೇರಿದೆವು. ನಿವೃತ್ತ ಮೇಷ್ಟ್ರೊಬ್ಬರು, ಇಬ್ಬರು ಗೃಹಿಣಿಯರು, ಬ್ಯಾಂಕಿನವರೊಬ್ಬರು, ಕಾಲೇಜಿನ ಹುಡುಗ ಹುಡುಗಿಯರು ಮತ್ತು ನಾನು. ಮೊದಲ ದಿನವೇ ಮೇಷ್ಟ್ರು ಕೇಳಿದರು: "ಮಾರಾಟ ಆಗದೆ ಉಳಿದ ಕನ್ನಡ ಪುಸ್ತಕಗಳನ್ನು ಸರ್ಕಾರಿ ಶಾಲೆಗಳಿಗೆ, ಹಳ್ಳಿಯ ಅರಿವು ಕೇಂದ್ರಗಳಿಗೆ ಕೊಡಬಹುದಲ್ಲ ಸರ್?" ಅರಿವು ಕೇಂದ್ರಗಳೆಂದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು. ಮಾಲೀಕರು "ನೋಡೋಣ ಮೇಷ್ಟ್ರೇ" ಎಂದರು.

ನಮ್ಮ ಕಡೆ "ನೋಡೋಣ" ಎಂಬ ಮಾತಿನ ಅರ್ಥ ಹೇಳುವವರ ಬಾಯಲ್ಲಿ ಒಂದು, ಕೇಳುವವರ ಕಿವಿಯಲ್ಲಿ ಇನ್ನೊಂದು. ಮಾಲೀಕರ ಪಾಲಿಗೆ ಅದು ಮುಖಕ್ಕೆ ಹೊಡೆದಂತೆ ಇಲ್ಲ ಎನ್ನಲಾರದ ಸೌಜನ್ಯ. ಮೇಷ್ಟ್ರಿಗೆ, ಅವರ ಹಿಂದೆ ನಿಂತಿದ್ದ ನಮಗೆಲ್ಲ, ಅದು ಮುಕ್ಕಾಲು ಒಪ್ಪಿಗೆ. ಆ ಒಂದು ಮಾತನ್ನು ನಂಬಿ ಮೇಷ್ಟ್ರು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕೆಂಪು ಬೆನ್ನಿನ ಸಂಪುಟಗಳ ಪಟ್ಟಿ ಬರೆಯಲು ಕೂತರು: ಧಾರಾವಾಹಿಯ ಹೆಸರು, ಪತ್ರಿಕೆ, ವರ್ಷ, ಎಷ್ಟು ಕಂತು, ಯಾವ ಕಂತು ಕಾಣೆಯಾಗಿದೆ. ನಾಲ್ಕು ವಾರದಲ್ಲಿ ಮುನ್ನೂರಕ್ಕೂ ಹೆಚ್ಚು ಸಂಪುಟಗಳ ವಿವರ ಆ ನೋಟ್‌ಬುಕ್ಕಿಗೆ ಇಳಿಯಿತು.

ಮೊದಲ ಎರಡು ವಾರ ಎಲ್ಲವೂ ಚೆನ್ನಾಗಿಯೇ ನಡೆಯಿತು, ಅದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಧೂಳು ಒರೆಸಿದೆವು, ಬೆಲೆ ಹಚ್ಚಿದೆವು, ಭಾನುವಾರದ ಮಾರಾಟಕ್ಕೆ ಫುಟ್‌ಪಾತಿನ ಮೇಲೆ ಟಾರ್ಪಾಲು ಹಾಸಿದೆವು. ಮಧ್ಯಾಹ್ನದ ಕಾಫಿ ಮತ್ತು ಬೋಂಡಾ ಮಾಲೀಕರ ಲೆಕ್ಕದಲ್ಲಿ ಬರುತ್ತಿತ್ತು.

ಮೊದಲ ಬಿರುಕು ಕಾಣಿಸಿದ್ದು ಹುಂಡಿಯ ವಿಷಯದಲ್ಲಿ. ಹತ್ತೊಂಬತ್ತು ವರ್ಷ ಅಲ್ಲಿ ಕೆಲಸ ಮಾಡಿದ ಸಹಾಯಕಿಯೊಬ್ಬರಿದ್ದರು; ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಗ್ರಾಚ್ಯುಟಿ ಎಂದರೆ ದೀರ್ಘ ಸೇವೆಯ ಕೊನೆಯಲ್ಲಿ ನೌಕರರಿಗೆ ಕೊಡುವ ಹಣ. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆ ಸಾಮಾನ್ಯವಾಗಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿಗಳಿಗೆ ಅನ್ವಯಿಸುತ್ತಿತ್ತು. ಒಬ್ಬರೇ ನೌಕರರಿರುವ ಅಂಗಡಿ ಮುಚ್ಚಿದರೆ ಅಂಥವರ ಕೈಗೆ ಕಾನೂನಿನ ಬಲದಿಂದ ಆ ಹಣ ಬರುತ್ತಿರಲಿಲ್ಲ. ಬ್ಯಾಂಕಿನವರು ಇದನ್ನು ವಿವರಿಸಿದ ಮೇಲೆ ನಾವು ಖಾಲಿ ಬಿಸ್ಕತ್ತಿನ ಡಬ್ಬಿಯೊಂದರ ಮುಚ್ಚಳ ಸೀಳಿ, "ಅಕ್ಕನಿಗಾಗಿ" ಎಂದು ಬರೆದು ಮೇಜಿನ ಮೇಲಿಟ್ಟೆವು. ಹಳೆಯ ಸದಸ್ಯರು ಕೈಬಿಚ್ಚಿ ಹಾಕಿದರು. ಎರಡನೆಯ ಭಾನುವಾರ ರಾತ್ರಿ ಮಾಲೀಕರು ಆ ಡಬ್ಬಿಯನ್ನು ಬಿಚ್ಚಿ, ಎಣಿಸಿ, ಗಲ್ಲಾಪೆಟ್ಟಿಗೆಗೆ ಸುರಿದುಕೊಂಡರು. ಕೇಳಿದಾಗ, ಅಕ್ಕನಿಗೆ ಎರಡು ತಿಂಗಳ ಸಂಬಳ ಬಾಕಿ ಇದೆ, ಅದರಲ್ಲೇ ಸೇರಿಸಿ ಕೊಡುತ್ತೇನೆ ಎಂದರು.

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಸಂಬಳ ಮಾಲೀಕರು ತೀರಿಸಬೇಕಾದ ಬಾಕಿ. ಡಬ್ಬಿಯ ಹಣ ಸದಸ್ಯರು ಅಕ್ಕನಿಗೆ ಪ್ರೀತಿಯಿಂದ ಕೊಟ್ಟದ್ದು. ಜನರು ಕೊಟ್ಟದ್ದರಿಂದ ತನ್ನ ಬಾಕಿ ತೀರಿಸಿಕೊಂಡರೆ ಆ ಉಡುಗೊರೆ ಅಕ್ಕನಿಗೆ ಸಿಗಲೇ ಇಲ್ಲ ಎಂದಾಯಿತು. ಅವರು ಕದ್ದರು ಎಂದು ನಾನು ಹೇಳುವುದಿಲ್ಲ. ಅಕ್ಕನ ಸಂಬಳ ಜನವರಿ ಕೊನೆಗೆ ಪೂರ್ತಿ ಬಂತು, ಅದನ್ನು ಅಕ್ಕನೇ ಹೇಳಿದರು. ಆದರೆ ಡಬ್ಬಿಯಲ್ಲಿ ಎಷ್ಟಿತ್ತು ಎಂಬುದನ್ನು ಮಾಲೀಕರು ಯಾರಿಗೂ ಹೇಳಲಿಲ್ಲ, ಯಾವ ಹಾಳೆಯಲ್ಲೂ ಬರೆಯಲಿಲ್ಲ. ಭಾನುವಾರದ ಮಾರಾಟದ್ದೂ ಅದೇ ಕಥೆ. ಹಳೆಯ ರಸೀದಿ ಪುಸ್ತಕ ಮೇಜಿನಲ್ಲೇ ಇದ್ದರೂ ಒಂದು ಹಾಳೆಯನ್ನೂ ಹರಿಯಲಿಲ್ಲ.

ನಮ್ಮ ಕಡೆಯವರ ತಪ್ಪನ್ನೂ ಬರೆಯದೆ ಬಿಟ್ಟರೆ ಈ ವಿಮರ್ಶೆಗೆ ಬೆಲೆ ಇರುವುದಿಲ್ಲ. ಕೆಲವರು ತಮಗೆ ಬೇಕಾದ ಒಳ್ಳೆಯ ಪುಸ್ತಕಗಳನ್ನು ಮಾರಾಟಕ್ಕಿಡುವ ಮುನ್ನವೇ ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಗೆ ಸೇರಿಸುತ್ತಿದ್ದರು. ಇಪ್ಪತ್ತು ರೂಪಾಯಿ ಚೀಟಿ ಹಚ್ಚಿದ ಪುಸ್ತಕವನ್ನು ಪರಿಚಯದವರಿಗೆ ಹತ್ತಕ್ಕೆ ಕೊಟ್ಟದ್ದನ್ನು ನಾನೇ ನೋಡಿದ್ದೇನೆ, ಸುಮ್ಮನೂ ಇದ್ದೆ. "ಇಷ್ಟು ದುಡಿದಿದ್ದೇವೆ, ಒಂದೆರಡು ಪುಸ್ತಕ ತೆಗೆದುಕೊಂಡರೆ ಏನಾಯಿತು" ಎಂಬ ಮಾತು ನಮ್ಮಲ್ಲಿ ಓಡಾಡುತ್ತಿತ್ತು. ಪುಕ್ಕಟೆ ಕೆಲಸಕ್ಕೆ ನಾವೇ ಒಂದು ಕೂಲಿ ಗೊತ್ತುಮಾಡಿಕೊಂಡು, ಅದನ್ನು ನಾವೇ ಎತ್ತಿಕೊಳ್ಳುತ್ತಿದ್ದೆವು. ಮಾಲೀಕರು ಪೆಟ್ಟಿಗೆಯನ್ನು ನೋಡಿದ್ದರು, ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಮರುದಿನದಿಂದ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಅವರ ತಮ್ಮನ ಮಗ ಬಂದು ಕೂತ. ಮಧ್ಯಾಹ್ನದ ಬೋಂಡಾ ನಿಂತಿತು.

ಜನವರಿ ಮೂರನೆಯ ವಾರ ಕಬ್ಬಿಣದ ರ್‍ಯಾಕುಗಳಿಗೆ ಗಿರಾಕಿ ಸಿಕ್ಕಿದರು. ಪುಸ್ತಕಕ್ಕಿಂತ ರ್‍ಯಾಕಿಗೆ ಬೇಡಿಕೆ ಹೆಚ್ಚಿತ್ತು ಎಂಬುದು ಆ ಅಂಗಡಿಯ ಇತಿಹಾಸದಲ್ಲಿ ಬರೆದಿಡಬೇಕಾದ ಸಂಗತಿ. ರ್‍ಯಾಕು ಹೋಗಬೇಕಾದರೆ ಪುಸ್ತಕ ಇಳಿಯಬೇಕು. ಒಂದು ಶನಿವಾರ ರಾತ್ರಿ ಒಂಬತ್ತರ ಸುಮಾರಿಗೆ, ಮರೆತುಬಂದ ಕೊಡೆ ತರಲು ನಾನು ಹೋದಾಗ ಅಂಗಡಿಯ ಮುಂದೆ ಲಗೇಜ್ ಆಟೊ ನಿಂತಿತ್ತು. ಶಟರಿನ ಸರಳಿಗೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ತೂಗುಹಾಕಿದ್ದರು. ಸುತ್ತಲೂ ಗೋಣಿಚೀಲಗಳು. ಅವೆನ್ಯೂ ರಸ್ತೆಯ ಕಡೆಯ ಹಳೆಯ ಪುಸ್ತಕದ ವ್ಯಾಪಾರಿಯೊಬ್ಬರು ಪ್ರತಿ ಚೀಲದ ತೂಕವನ್ನು ಅಂಗೈಯ ಮೇಲೆ ಬರೆದುಕೊಳ್ಳುತ್ತಿದ್ದರು. ಕಟ್ಟದೆ ಬಿಟ್ಟ ಚೀಲವೊಂದರ ಬಾಯಲ್ಲಿ ಕೆಂಪು ಬಟ್ಟೆಯ ಬೆನ್ನುಗಳು ಕಾಣುತ್ತಿದ್ದವು.

ಮರುದಿನ ಬೆಳಿಗ್ಗೆ ಜಗಳ ಬಹಿರಂಗವಾಯಿತು. ಮೇಷ್ಟ್ರು ನೋಟ್‌ಬುಕ್ಕನ್ನು ಮೇಜಿನ ಮೇಲೆ ಇಟ್ಟು, ಒಂದು ಮಾತು ಹೇಳಿದ್ದರೆ ನಾವೇ ಹಣ ಸೇರಿಸಿ ಕೊಳ್ಳುತ್ತಿದ್ದೆವಲ್ಲ ಎಂದರು. ಅವರ ದನಿ ಏರಿರಲಿಲ್ಲ. ಏರಿದ್ದು ಮಾಲೀಕರದು: "ಪುಸ್ತಕ ನಂದು ಮೇಷ್ಟ್ರೇ. ಮೂವತ್ತಾರು ವರ್ಷ ಬಾಡಿಗೆ ಕಟ್ಟಿದ್ದು ನಾನು. ನಿಮ್ಮನ್ನ ಕರೆದದ್ದು ಕೈಜೋಡಿಸೋಕೆ, ಲೆಕ್ಕ ಕೇಳೋಕಲ್ಲ." ಗೃಹಿಣಿಯರಲ್ಲಿ ಒಬ್ಬರು, ಹಾಗಾದರೆ ಅಕ್ಕನ ಡಬ್ಬಿಯೂ ನಿಮ್ಮದೇನಾ ಎಂದರು. ಮಾಲೀಕರು, ಹಾಗಾದರೆ ಮೇಜಿನ ಕೆಳಗಿನ ಪೆಟ್ಟಿಗೆ ಯಾರದಮ್ಮ ಎಂದರು. ಇಬ್ಬರ ಬಳಿಯೂ ಉತ್ತರವಿರಲಿಲ್ಲ. ಅಂದು ಒಂಬತ್ತು ಜನ ಕೆಲಸ ಬಿಟ್ಟರು. ಅವರಲ್ಲೊಬ್ಬರು ಮಾಲೀಕರ ಮೊಬೈಲ್ ಸಂಖ್ಯೆಯನ್ನು ಕಂಡಕಂಡಲ್ಲಿ ಹಂಚಿ, ಅಪರಿಚಿತರು ಫೋನ್ ಮಾಡಿ ಬೈಯುವಂತೆ ಮಾಡಿದರು. ಅಷ್ಟು ವಯಸ್ಸಾದವರಿಗೆ ಹಾಗೆ ಮಾಡಬಾರದಿತ್ತು.

ಮಾಲೀಕರ ಅವಸರದ ಹಿಂದಿನ ಕಾರಣ ನನಗೆ ತಿಳಿದದ್ದು ಆಮೇಲೆ. ಬೆಂಗಳೂರಿನ ಹಳೆಯ ವಾಡಿಕೆಯಂತೆ ಕೊಟ್ಟಿದ್ದ ಹತ್ತು ತಿಂಗಳ ಅಡ್ವಾನ್ಸ್ ಇನ್ನೂ ಕಟ್ಟಡದವರ ಕೈಯಲ್ಲಿತ್ತು. ಹೇಳಿದ ದಿನಕ್ಕೆ ಅಂಗಡಿ ಖಾಲಿ ಮಾಡದಿದ್ದರೆ ಅದರಲ್ಲಿ ಕಡಿತ ಮಾಡುವುದಾಗಿ ಅವರು ಹೇಳಿದ್ದರಂತೆ. ಸದಸ್ಯರ ಠೇವಣಿ ಹಿಂದಿರುಗಿಸಲು ಮಾಲೀಕರು ನಂಬಿಕೊಂಡಿದ್ದದ್ದು ಅದೇ ಹಣವನ್ನು. ಇದನ್ನು ಡಿಸೆಂಬರಿನಲ್ಲೇ ನಮ್ಮೆದುರು ಹೇಳಿದ್ದರೆ ಮೇಷ್ಟ್ರು ಪಟ್ಟಿ ಬರೆಯುವ ಬದಲು ಕೊಳ್ಳುವವರನ್ನು ಹುಡುಕುತ್ತಿದ್ದರು ಎಂದು ನನಗೆ ಅನ್ನಿಸುತ್ತದೆ. ಸಾಲ ಇದೆ ಎಂದು ಹೇಳಿಕೊಳ್ಳುವುದು ಆ ತಲೆಮಾರಿನವರಿಗೆ ಎಷ್ಟು ಕಷ್ಟ ಎಂಬುದೂ ಗೊತ್ತು. ಆದರೂ, ಪುಸ್ತಕ ಯಾರಿಗೆ ಮಾರಬೇಕು ಎಂಬುದು ಅವರ ಹಕ್ಕು ಎಂದು ಒಪ್ಪುತ್ತಲೇ, ಹದಿನಾಲ್ಕು ಜನರ ವಾರಗಟ್ಟಲೆಯ ದುಡಿಮೆಯನ್ನು ಪುಕ್ಕಟೆಯಾಗಿ ಪಡೆದವರು ಆ ದುಡಿಮೆ ಯಾವುದಕ್ಕೆ ಸಲ್ಲುತ್ತದೆ ಎಂಬುದನ್ನು ಮುಚ್ಚಿಡುವ ಹಕ್ಕನ್ನೂ ಪಡೆದಿರುತ್ತಾರೆ ಎಂಬುದನ್ನು ನಾನು ಒಪ್ಪಲಾರೆ. ಮಾರಾಟಕ್ಕೆ ಕೂಲಿಯವರನ್ನು ಕರೆದಿದ್ದರೆ ಅವರು ಲೆಕ್ಕ ಕೇಳುತ್ತಿರಲಿಲ್ಲ, ನಿಜ. ಅವರು ಸಂಜೆಗೆ ಕೂಲಿ ಎಣಿಸಿಕೊಂಡು ಹೋಗುತ್ತಿದ್ದರು.

ಠೇವಣಿಯ ವಿಷಯದಲ್ಲಿ ಮಾತ್ರ ಮಾಲೀಕರಿಗೆ ಪೂರ್ತಿ ಅಂಕ. ಮೊದಲು ಹಣದ ಬದಲು ಪುಸ್ತಕ ತೆಗೆದುಕೊಳ್ಳಿ ಎಂದಿದ್ದರು. ಬ್ಯಾಂಕಿನವರು ಅದಕ್ಕೆ ಒಪ್ಪದೆ, ಹಿಂದಿರುಗಿಸುತ್ತೇವೆಂದು ಪಡೆದ ಹಣವನ್ನು ಹಣವಾಗಿಯೇ ಕೊಡಬೇಕು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಐದು ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವೂ ಇಲ್ಲ ಎಂದು ಶಾಂತವಾಗಿ ತಿಳಿಸಿದರು. ಆ ಮಾತು ಬೆದರಿಕೆಯಂತೆ ಕೇಳಿಸಿತೋ ಏನೋ, ಅಂದಿನಿಂದ ಕೇಳಿದವರಿಗೆಲ್ಲ ನಗದೇ ಸಿಕ್ಕಿತು. ನನ್ನ ಐನೂರು ರೂಪಾಯಿ ಜನವರಿ 29ರಂದು ಬಂತು. ಕೊಡುವಾಗ ಮಾಲೀಕರು ಲೆಡ್ಜರಿನಲ್ಲಿ ನನ್ನ ಹೆಸರಿನ ಮುಂದೆ ಅಡ್ಡಗೆರೆ ಎಳೆದು, ಮುದ್ರೆಯನ್ನು ಇಂಕ್ ಪ್ಯಾಡಿಗೆ ಒತ್ತಿ, ಅಂದಿನ ದಿನಾಂಕವನ್ನು ಹಾಕಿದರು. ಆ ಲೆಡ್ಜರಿನಲ್ಲಿ 1987ರಿಂದ ಒಂದು ಹೆಸರೂ ತಪ್ಪಿರಲಿಲ್ಲ. ಇಷ್ಟು ಚೊಕ್ಕವಾಗಿ ಲೆಕ್ಕ ಇಡಬಲ್ಲವರು ಕೊನೆಯ ಆರು ವಾರ ಒಂದು ಹಾಳೆಯನ್ನೂ ಬರೆಯಲಿಲ್ಲ ಎಂಬುದು ನನಗೆ ಇಂದಿಗೂ ಒಗಟು.

ಹಳೆಯ ಸದಸ್ಯರಲ್ಲಿ ಠೇವಣಿ ಪಡೆಯದವರು ಇನ್ನೂ ಕೆಲವರಿದ್ದಾರೆ. ಮಾಲೀಕರು ಅದೇ ಬಡಾವಣೆಯಲ್ಲಿ, ಅಂಗಡಿಯ ಹಿಂದಿನ ರಸ್ತೆಯ ತಮ್ಮ ಮನೆಯಲ್ಲೇ ಇದ್ದಾರೆ. ಬೆಳಿಗ್ಗೆ ಹನ್ನೊಂದರೊಳಗೆ ಹೋದರೆ ಸಿಗುತ್ತಾರೆ. ಕಾರ್ಡು ಕಳೆದುಹೋಗಿದ್ದರೂ ಚಿಂತೆಯಿಲ್ಲ, ಸೇರಿದ ವರ್ಷ ಹೇಳಿದರೆ ಸಾಕು, ಲೆಡ್ಜರ್ ತೆಗೆದು ನೋಡಿ ಕೊಡುತ್ತಾರೆ. ಕೆಂಪು ಬೆನ್ನಿನ ಸಂಪುಟಗಳ ಬಗ್ಗೆ ಮಾತ್ರ ಅವರಲ್ಲಿ ಕೇಳಬೇಡಿ. ನೋಟ್‌ಬುಕ್ಕು ಮೇಷ್ಟ್ರ ಬಳಿ ಇದೆ. ಭಾನುವಾರಗಳಲ್ಲಿ ಅವರು ಅದನ್ನು ಹಿಡಿದುಕೊಂಡು ಅವೆನ್ಯೂ ರಸ್ತೆಗೆ ಹೋಗುತ್ತಾರೆ. ಇದುವರೆಗೆ ಏಳು ಸಂಪುಟ ಸಿಕ್ಕಿವೆ.